ಮೈಕ್ರೋಬೀಮ್: ಆಲ್ಫಾ ಕಣದ ಎಣಿಕೆ ಸಿಗುತ್ತಿಲ್ಲ, ಗುರಿಯೂ ಒಂದು ಪಕ್ಕಕ್ಕೆ ಸರಿದಿದೆ

ಪ್ರಶ್ನೆ (ಕಣರೇಖೆ):
ನಮ್ಮದು ಮೈಕ್ರೋಬೀಮ್, ಅಂದರೆ ಒಂದೊಂದು ಕೋಶಕ್ಕೆ ಗುರಿಯಿಟ್ಟು ಎಣಿಸಿದಷ್ಟೇ ಕಣ ಬಿಡುವ ಯಂತ್ರ. ಕೆಳಗಿನಿಂದ ಮೇಲಕ್ಕೆ ಬರುವ ಲಂಬ ಬೀಮ್, 3 ಎಂಇವಿ (ಕಣದ ಶಕ್ತಿಯ ಅಳತೆ) ಆಲ್ಫಾ. 6 ಮೈಕ್ರಾನ್ ಮೈಲಾರ್ (ತೆಳು ಪ್ಲಾಸ್ಟಿಕ್) ಹಾಳೆಯ ಮೇಲೆ ಮಾನವ ಫೈಬ್ರೋಬ್ಲಾಸ್ಟ್ (ಸಂಯೋಜಕ ಅಂಗಾಂಶದ) ಕೋಶಗಳು. ನಿರ್ವಾತದ ಕಿಂಡಿಗೂ ಹಾಳೆಗೂ ಮಧ್ಯೆ ಸುಮಾರು 3 ಮಿ.ಮೀ. ಗಾಳಿ. ನ್ಯೂಕ್ಲಿಯಸ್ ಗುರುತಿಸಲು ಹೋಕ್ಸ್ಟ್ 33342 (ಯುವಿ ಬೆಳಕಿನಲ್ಲಿ ಹೊಳೆಯುವ ಡಿಎನ್‌ಎ ಬಣ್ಣ), 1 ಮೈಕ್ರೋಮೋಲಾರ್. ಪ್ರತಿ ನ್ಯೂಕ್ಲಿಯಸ್‌ನ ನಡುವಿಗೆ 5 ಕಣ ಬಿಡಬೇಕು. ಕೋಶಗಳ ಮೇಲಿರುವ ಗ್ಯಾಸ್ ಕೌಂಟರ್ ಏನನ್ನೂ ಎಣಿಸುತ್ತಿಲ್ಲ. ಡಿಎನ್‌ಎ ತುಂಡಾದ ಜಾಗವನ್ನು ತೋರಿಸುವ ಗಾಮಾ-ಎಚ್2ಎಎಕ್ಸ್ ಬಣ್ಣ ಹಾಕಿ ನೋಡಿದರೆ ಚುಕ್ಕೆಗಳು ಒಂದೇ ದಿಕ್ಕಿಗೆ ಸರಿದಿವೆ, 5 ಕಣಕ್ಕೆ ಒಂದೇ ಚುಕ್ಕೆ ಕಾಣುತ್ತದೆ. ಬೀಮ್ ಬೀಳದ ಕಂಟ್ರೋಲ್ ಕೋಶಗಳಲ್ಲೂ ಚುಕ್ಕೆಗಳಿವೆ. ಎಲ್ಲಿಂದ ಹುಡುಕಲು ಶುರು ಮಾಡಲಿ?

ಉತ್ತರ (ವೇಗವರ್ಧಕ):
ಮೊದಲು ಶಕ್ತಿಯ ಲೆಕ್ಕ ಹಾಕಿ. 3 ಎಂಇವಿ ಆಲ್ಫಾ ನೀರಿನಲ್ಲಿ ಹೋಗುವುದೇ ಸುಮಾರು 18 ಮೈಕ್ರಾನ್. 6 ಮೈಕ್ರಾನ್ ಮೈಲಾರ್ ಎಂದರೆ 7-8 ಮೈಕ್ರಾನ್ ನೀರಿಗೆ ಸಮ, 3 ಮಿ.ಮೀ. ಗಾಳಿ ಇನ್ನೂ 3 ಮೈಕ್ರಾನ್ ತಿನ್ನುತ್ತದೆ. ಉಳಿದದ್ದು 7-8. ಕಣ ನ್ಯೂಕ್ಲಿಯಸ್ ಮುಟ್ಟಬಹುದು. ಆದರೆ ಕೋಶ ಮತ್ತು ಅದರ ಮೇಲಿನ ತೇವ ದಾಟಿ ಕೌಂಟರ್‌ಗೆ ಬರುವ ಶಕ್ತಿ ಅದಕ್ಕಿಲ್ಲ. ಇನ್ನೂ ಕೆಟ್ಟದ್ದೆಂದರೆ ನೀವು ಬ್ರಾಗ್ ಶಿಖರದ (ನಿಲ್ಲುವ ಮೊದಲು ಕಣ ಅತಿ ಹೆಚ್ಚು ಶಕ್ತಿ ಬಿಡುವ ಜಾಗ) ಅಂಚಿನಲ್ಲಿದ್ದೀರಿ. ಹಾಳೆಯ ದಪ್ಪ ಒಂದು ಮೈಕ್ರಾನ್ ಹೆಚ್ಚುಕಡಿಮೆಯಾದರೂ ಎಲ್‌ಇಟಿ (ಕಣ ಪ್ರತಿ ಮೈಕ್ರಾನ್‌ಗೆ ಬಿಡುವ ಶಕ್ತಿ) ಬದಲಾಗುತ್ತದೆ, ಡೋಸ್‌ಗೆ ಅರ್ಥವೇ ಉಳಿಯುವುದಿಲ್ಲ.

6 ಎಂಇವಿಗೆ ಹೋಗಿ. ಎರಡೂ ಎಲೆಕ್ಟ್ರಾನ್ ಕಳಚಿದ ಹೀಲಿಯಂ ಮೂಲ ಇದ್ದರೆ ವೇಗವರ್ಧಕದ 3 ಎಂವಿ (30 ಲಕ್ಷ ವೋಲ್ಟ್) ಟರ್ಮಿನಲ್ ಸಾಕು. ಆಗ ವ್ಯಾಪ್ತಿ 50 ಮೈಕ್ರಾನ್‌ಗೆ ಸ್ವಲ್ಪ ಕಡಿಮೆ, ಕೋಶದಲ್ಲಿ ಎಲ್‌ಇಟಿ ಮೈಕ್ರಾನ್‌ಗೆ 90 ಕೆಇವಿ ಆಸುಪಾಸು. ಡೋಸ್ ಬೇಕಾದರೆ: 0.16 × ಎಲ್‌ಇಟಿ ÷ ನ್ಯೂಕ್ಲಿಯಸ್‌ನ ವಿಸ್ತೀರ್ಣ (ಚದರ ಮೈಕ್ರಾನ್). 150 ಚದರ ಮೈಕ್ರಾನ್‌ಗೆ ಒಂದು ಕಣ ಸುಮಾರು 0.1 ಗ್ರೇ (ಡೋಸ್‌ನ ಅಳತೆ). ಎಣಿಸುವ ಹೊತ್ತಿನಲ್ಲಿ ಮೀಡಿಯಂ ತೆಳು ಪದರದಷ್ಟೇ ಇರಲಿ, ತೇವವಾದ ಗಾಳಿ ಹಾಯಿಸಿ; ಕೋಶ ಒಣಗಿದರೆ ಫಲಿತಾಂಶವನ್ನು ನಂಬುವಂತಿಲ್ಲ. ಕೌಂಟರ್ ಬದಲು ಕೋಶಗಳಿಗಿಂತ ಮುಂಚೆಯೇ ಎಣಿಸಲು 18 ಮೈಕ್ರಾನ್ ಸಿಂಟಿಲೇಟರ್ (ಕಣ ಹಾದಾಗ ಮಿಂಚುವ ಹಾಳೆ) ಇಡೋಣವೆಂದರೆ 3 ಎಂಇವಿ ಆಲ್ಫಾಗೆ ನಡೆಯದು, ಕಣ ಅಲ್ಲೇ ನಿಲ್ಲುತ್ತದೆ. 3 ಎಂಇವಿ ಪ್ರೋಟಾನ್ ಆದರೆ ವ್ಯಾಪ್ತಿ ಸುಮಾರು 150 ಮೈಕ್ರಾನ್, ಅದಕ್ಕೆ ಹೊಂದುತ್ತದೆ. ಆದರೆ ಎಲ್‌ಇಟಿ 12ರ ಹತ್ತಿರ, ಒಂದು ಕಣದ ಪರಿಣಾಮ ನೋಡುವ ಪ್ರಯೋಗಕ್ಕೆ ಸಾಲದು.

ಉತ್ತರ (ಸೂಕ್ಷ್ಮದರ್ಶಕ):
ಸರಿದಿರುವುದನ್ನು ಸರಿಪಡಿಸುವ ಮೊದಲು, ಹೇಗೆ ಸರಿದಿದೆ ಎಂದು ನೋಡಿ. ಇಡೀ ಕ್ಷೇತ್ರದಲ್ಲಿ ಅಷ್ಟೇ ಅಂತರವಾದರೆ ಬೀಮಿನ ಕೇಂದ್ರವನ್ನು ಕ್ಯಾಮೆರಾದ ಯಾವ ಪಿಕ್ಸೆಲ್ ಎಂದು ಕೊಟ್ಟಿದ್ದೀರೋ ಅದು ತಪ್ಪು. ಅಂಚಿನ ಕಡೆ ಹೋದಷ್ಟೂ ಹೆಚ್ಚಾದರೆ ಪಿಕ್ಸೆಲ್ ಅಳತೆ ಅಥವಾ ಕ್ಯಾಮೆರಾ ತಿರುಗಿರುವುದು ಕಾರಣ. ಹೊತ್ತು ಕಳೆದಂತೆ ಬೆಳೆದರೆ ಉಷ್ಣತೆಯಿಂದ ಸ್ಟೇಜ್ ಜರುಗುತ್ತಿದೆ. ಸಿಆರ್-39 (ಕಣ ಹಾದ ಗುರುತು ಉಳಿಸಿಕೊಳ್ಳುವ ಪ್ಲಾಸ್ಟಿಕ್) ತುಂಡನ್ನು ಕೋಶಗಳ ಎತ್ತರದಲ್ಲೇ ಇಟ್ಟು, ಫ್ಲೋರೊಸೆಂಟ್ ಮಣಿಗಳನ್ನು ಗುರಿಯಾಗಿಸಿ ಬೀಮ್ ಬಿಡಿ. ಮಣಿಗಳ ಚಿತ್ರ ಮೊದಲೇ ತೆಗೆದಿರಲಿ. ನಂತರ 6.25 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ 70 ಡಿಗ್ರಿ ಸೆಲ್ಸಿಯಸ್‌ಗೆ ಕೊರೆದು, ಕುಳಿಗಳನ್ನು ಆ ಚಿತ್ರಕ್ಕೆ ಹೊಂದಿಸಿ.

ಚುಕ್ಕೆಗಳು ದಿಕ್ಕಿಲ್ಲದೆ ಚೆದುರಿದ್ದರೆ ಅದು ಗಾಳಿಯ ಕೆಲಸ. ಚದುರಿದ ಕಣ ಮುಂದೆ ಸಾಗುವ ದೂರವೇ ಪಕ್ಕಕ್ಕೆ ಸರಿಸುತ್ತದೆ. ಹಾಗಾಗಿ ಕೋಶಕ್ಕೆ ಅಂಟಿಕೊಂಡ ಹಾಳೆಗಿಂತ ದೂರದ ಕಿಂಡಿಯೇ ಹೆಚ್ಚು ತೊಂದರೆ ಕೊಡುತ್ತದೆ. 100ರಿಂದ 500 ನ್ಯಾನೊಮೀಟರಿನ ಸಿಲಿಕಾನ್ ನೈಟ್ರೈಡ್ ಕಿಂಡಿ ಹಾಕಿ, ಅಂತರವನ್ನು ಕೆಲವು ನೂರು ಮೈಕ್ರಾನ್‌ಗೆ ತನ್ನಿ.

5 ಕಣಕ್ಕೆ ಒಂದು ಚುಕ್ಕೆ ಕಂಡರೆ ಗಾಬರಿ ಬೇಡ. ಎಲ್ಲ ಕಣಗಳೂ ಒಂದೇ ಬಿಂದುವಿನಲ್ಲಿ, ಸೂಕ್ಷ್ಮದರ್ಶಕದ ಅಕ್ಷದ ಉದ್ದಕ್ಕೇ ಹಾದಿವೆ. ಡಿಎನ್‌ಎ ತುಂಡಾದ ಹಲವು ಜಾಗಗಳೂ ಒಂದರ ಮೇಲೊಂದು ಬಿದ್ದು ಒಂದೇ ಆಗಿ ಕಾಣುತ್ತವೆ. ಎಣಿಕೆ ಬೇಕಾದರೆ ಕಣಗಳನ್ನು 2-3 ಮೈಕ್ರಾನ್ ದೂರದ ಬಿಂದುಗಳಿಗೆ ಹಂಚಿ. ಬೀಮ್ ಮುಗಿದು ಸುಮಾರು 30 ನಿಮಿಷಕ್ಕೆ 4% ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ ಸ್ಥಿರಗೊಳಿಸಿ.

ಕಣರೇಖೆ:
ಅಂತರ ಇಡೀ ಕ್ಷೇತ್ರದಲ್ಲಿ ಅಷ್ಟೇ ಇದೆ, ಹಾಗಾದರೆ ಪಿಕ್ಸೆಲ್ ತಪ್ಪೇ. ಕಂಟ್ರೋಲ್ ವಿಷಯ?

ಉತ್ತರ (ಕೋಶವಿಜ್ಞಾನ):
ಹೋಕ್ಸ್ಟ್ ಮತ್ತು ಯುವಿ ಬೆಳಕು ಸೇರಿದರೆ ಡಿಎನ್‌ಎ ತುಂಡಾಗುತ್ತದೆ. 50 ನ್ಯಾನೊಮೋಲಾರ್‌ಗೆ ಇಳಿಸಿ, 30 ನಿಮಿಷ ಬಿಟ್ಟು, ಬೆಳಕು ಕಡಿಮೆ ಮಾಡಿ ಕ್ಯಾಮೆರಾದ ಸಂವೇದನೆ ಹೆಚ್ಚಿಸಿ. ಕೊಲಂಬಿಯಾ ವಿಶ್ವವಿದ್ಯಾಲಯದ ರಾರಾಫ್ ಕೇಂದ್ರದಲ್ಲೂ ಈ ಕಡಿಮೆ ಸಾಂದ್ರತೆ ಬಳಸಿದ್ದಾರೆ. ಎಸ್ ಹಂತದ (ಡಿಎನ್‌ಎ ನಕಲು ಮಾಡಿಕೊಳ್ಳುತ್ತಿರುವ) ಕೋಶಗಳಲ್ಲಿ ಚುಕ್ಕೆಗಳು ತಾವಾಗಿಯೇ ಇರುತ್ತವೆ. ಕೋಶಗಳು ಹಾಳೆ ತುಂಬಿ ವಿಭಜನೆ ನಿಲ್ಲಿಸುವವರೆಗೆ ಕಾಯಿರಿ.

ಎರಡು ಕಂಟ್ರೋಲ್ ಬೇಕೇಬೇಕು: ಏನೂ ಮಾಡದೆ ಬಿಟ್ಟದ್ದು ಒಂದು, ಬಣ್ಣ, ಯುವಿ, ಸ್ಟೇಜ್ ಮೇಲಿನ ಸಮಯ ಎಲ್ಲ ಅಷ್ಟೇ ಇದ್ದು ಶಟರ್ ಮಾತ್ರ ಮುಚ್ಚಿದ್ದು ಇನ್ನೊಂದು. ಬೈಸ್ಟ್ಯಾಂಡರ್ ಪರಿಣಾಮ (ಕಣ ತಗುಲದ ಅಕ್ಕಪಕ್ಕದ ಕೋಶಗಳಲ್ಲೂ ಕಾಣುವ ಪರಿಣಾಮ) ನೋಡುವವರಿಗೆ ಎರಡನೆಯದು ಇಲ್ಲದಿದ್ದರೆ ಪ್ರಯೋಗವೇ ಇಲ್ಲ. 1992ರಲ್ಲಿ ನಾಗಾಸಾವಾ ಮತ್ತು ಲಿಟಲ್ ಶೇ 1ಕ್ಕಿಂತ ಕಡಿಮೆ ನ್ಯೂಕ್ಲಿಯಸ್‌ಗಳಿಗೆ ಆಲ್ಫಾ ತಗುಲಿದರೂ ಸುಮಾರು ಶೇ 30 ಕೋಶಗಳಲ್ಲಿ ಸೋದರಿ ಕ್ರೊಮಾಟಿಡ್ ವಿನಿಮಯ (ವರ್ಣತಂತುವಿನ ಎರಡು ಪ್ರತಿಗಳ ನಡುವೆ ತುಣುಕು ಅದಲುಬದಲಾಗುವುದು) ಹೆಚ್ಚಿದ್ದನ್ನು ತೋರಿಸಿದರು. ಯುವಿಯಿಂದ ಬಂದ ಚುಕ್ಕೆ ಅಂಥ ಫಲಿತಾಂಶದಂತೆಯೇ ಕಾಣುತ್ತದೆ. ಸ್ಟೇಜ್ ಮೇಲೆ ಇಂಗಾಲದ ಡೈಆಕ್ಸೈಡ್ ಇಲ್ಲದಿದ್ದರೆ ಹೆಪೆಸ್ (ಆಮ್ಲೀಯತೆ ಏರುಪೇರಾಗದಂತೆ ತಡೆಯುವ ಬಫರ್) ಬೆರೆಸಿದ ಮೀಡಿಯಂ ಬಳಸಿ.