ಮಾರ್ಫಜೀನ್‌ನಲ್ಲಿ ಲೋಕಲ್ ಟ್ರೇನಿನ ಸದ್ದು: ನುಡಿಸುವುದು ಹೇಗೆ?

ಡೊಂಬಿವಲಿ ಹುಡುಗ:
ಪುಣೆಯ ಗೆಳೆಯ ಊರಿಗೆ ಹೋಗುವಾಗ ತನ್ನ ಮಾಡ್ಯುಲರ್ ಕೇಸ್ (ಬಿಡಿ ಬಿಡಿ ಸಿಂಥ್ ಮಾಡ್ಯೂಲ್‌ಗಳನ್ನು ಜೋಡಿಸಿದ ಪೆಟ್ಟಿಗೆ) ನನ್ನ ಹತ್ತಿರ ಬಿಟ್ಟು ಹೋಗಿದ್ದಾನೆ. ಅದರಲ್ಲಿ ಮೇಕ್ ನಾಯ್ಸ್ ಕಂಪನಿಯ ಮಾರ್ಫಜೀನ್ ಇದೆ, ಸದ್ದನ್ನು ರೆಕಾರ್ಡ್ ಮಾಡಿ ತುಂಡು ತುಂಡಾಗಿ ನುಡಿಸುವ ಮಾಡ್ಯೂಲ್. ದಾದರ್ ಹೂವಿನ ಮಾರ್ಕೆಟ್‌ನ ಕೂಗು, ಲೋಕಲ್ ಹಳಿ ಬದಲಿಸುವಾಗಿನ ಖಟಖಟ, ಎರಡನ್ನೂ ಫೋನ್‌ನಲ್ಲಿ ಹಿಡಿದಿದ್ದೇನೆ. ಕಾರ್ಡ್‌ಗೆ ಹಾಕಿದರೆ ಮಾಡ್ಯೂಲ್ ಫೈಲನ್ನೇ ಓದುತ್ತಿಲ್ಲ. ಕೇಬಲ್ ಸಿಕ್ಕಿಸಿ ನೇರ ರೆಕಾರ್ಡ್ ಮಾಡಿದರೆ ಬರುತ್ತದೆ, ಆದರೆ ನಾಬ್ ತಿರುಗಿಸಿದ ಕೂಡಲೇ ಎಲ್ಲಾ ಕಲಸುಮೇಲೋಗರ. ಮುಂದಿನ ತಿಂಗಳು ಮಾಟುಂಗದ ಮನೆಯೊಂದರಲ್ಲಿ ತಬಲಾದವರ ಜೊತೆ ಸಣ್ಣ ಬೈಠಕ್ ಇದೆ. ಇದನ್ನು ವಾದ್ಯದ ಹಾಗೆ ನುಡಿಸಬೇಕು ಅಂತ ತುಂಬಾ ಆಸೆ. ಯಾರಾದರೂ ದಾರಿ ಹೇಳಿ.

ಠಾಣೆ ಸೌಂಡ್:
ಫೈಲ್ ವಿಷಯ ಸುಲಭ. ಅದಕ್ಕೆ 48 ಕಿಲೋಹರ್ಟ್ಸ್, 32 ಬಿಟ್ ಫ್ಲೋಟ್ ವೇವ್ ಫೈಲೇ ಬೇಕು. ಫೋನಿನ ಫೈಲನ್ನು ಆಡಾಸಿಟಿ ಅನ್ನೋ ಆಡಿಯೋ ಸಾಫ್ಟ್‌ವೇರ್‌ನಲ್ಲಿ ತೆರೆದು ಹಾಗೆ ಎಕ್ಸ್‌ಪೋರ್ಟ್ ಮಾಡಿ, ಎಂಜಿ1, ಎಂಜಿ2 ಅಂತ ಹೆಸರಿಡಿ. ಇಂಥ ಒಂದೊಂದು ಫೈಲನ್ನು ಅದು ರೀಲ್ ಅನ್ನುತ್ತದೆ, ಒಂದು ರೀಲ್‌ಗೆ ಹೆಚ್ಚೆಂದರೆ 2.9 ನಿಮಿಷ.

ಕೊಥ್ರೂಡ್ ಅಕ್ಕ:
ತಮ್ಮಾ, ಮೊದಲು ನಾಬ್‌ಗಳನ್ನು ಬಿಟ್ಟು ಸದ್ದನ್ನು ಕೇಳು. ಖಟಖಟದಲ್ಲಿ ಪ್ರತಿ ಏಟು ಎಲ್ಲಿ ಶುರುವಾಗುತ್ತದೆ ಅಂತ ಕಿವಿಗೆ ಕೂತ ಮೇಲೆ, ರೀಲ್ ಓಡುತ್ತಿರುವಾಗಲೇ ಅಲ್ಲಲ್ಲಿ ಸ್ಪ್ಲೈಸ್ ಬಟನ್ ಒತ್ತು, ಒತ್ತಿದಲ್ಲಿ ಸದ್ದು ತುಂಡಾಗುತ್ತದೆ. ಹತ್ತಾರು ತುಂಡು ಸಾಕು. ಆಮೇಲೆ ಆರ್ಗನೈಸ್ ನಾಬ್ ತಿರುಗಿಸಿದರೆ ಒಂದೊಂದು ತುಂಡು ತಬಲಾದ ಧಾ, ತಿನ್ ತರಹ ಒಂದೊಂದು ಬೋಲ್ ಆಗುತ್ತದೆ, ಅಲ್ವಾ? ವೇಗದ ನಾಬ್ ವೇರಿಸ್ಪೀಡ್ ನಡುವಿದ್ದರೆ ರೀಲ್ ನಿಲ್ಲುತ್ತದೆ, ಬಲಕ್ಕೆ ಮುಂದೆ, ಎಡಕ್ಕೆ ಹಿಂದೆ. ಜೀನ್ ಸೈಜ್ ಇರುವುದು ತುಂಡನ್ನು ಇನ್ನೂ ಚಿಕ್ಕದು ಮಾಡಲು. ಅದು ಸೆಕೆಂಡಿಗೆ 50 ಸಲ ಮರುಕಳಿಸುವಷ್ಟು ಸಣ್ಣದಾಯಿತು ಅಂದ್ರೆ ಖಟಖಟ ಹೋಗಿ ಮಂದ್ರದ ಒಂದು ಸ್ವರವೇ ಕೇಳುತ್ತದೆ. ಅಲ್ಲಿಂದ ನಿಧಾನವಾಗಿ ಹಿಂದಕ್ಕೆ ಬಂದರೆ ಅದೇ ಸ್ವರ ಮತ್ತೆ ಹಳಿಯ ಸದ್ದಾಗಿ ಒಡೆಯುತ್ತದೆ. ನನಗೆ ಈ ವಾದ್ಯದಲ್ಲಿ ಎಲ್ಲಕ್ಕಿಂತ ಇಷ್ಟವಾದ ಜಾಗ ಇದು. ಬೈಠಕ್‌ನಲ್ಲಿ ಮೂರು ನಾಬ್‌ಗಿಂತ ಜಾಸ್ತಿ ಮುಟ್ಟಬೇಡ.

ಟ್ರೇನ್ ಸದ್ದು ಆರಿಸಿದ್ದು ಚೆನ್ನಾಗಿದೆ. ಪ್ಯಾರಿಸ್‌ನ ರೇಡಿಯೋದಲ್ಲಿದ್ದ ಪಿಯೇರ್ ಶೇಫರ್ 1948ರಲ್ಲಿ ರೈಲಿನ ಸದ್ದನ್ನೇ ಹಿಡಿದು ಸಂಗೀತ ಕಟ್ಟಿದ. ಟೇಪಿನಲ್ಲೂ ಅಲ್ಲ, ಗ್ರಾಮಫೋನ್ ತಟ್ಟೆಯಲ್ಲಿ! ಮುಂದೆ ಅವನು ಮಾಡಿಸಿದ ಟೇಪ್ ಯಂತ್ರದ ಹೆಸರು ಫೋನೋಜೀನ್. ಮೇಕ್ ನಾಯ್ಸ್‌ನವರು ತಮ್ಮ ಹಿಂದಿನ ಮಾಡ್ಯೂಲ್‌ಗೆ ಅದೇ ಹೆಸರಿಟ್ಟಿದ್ದರು.

ಡೊಂಬಿವಲಿ ಹುಡುಗ:
ಅಕ್ಕಾ, ಸ್ಪ್ಲೈಸ್ ಹಾಕಿದ ಮೇಲೆ ನಿಜಕ್ಕೂ ಬೋಲ್ ತರಹವೇ ಕೇಳುತ್ತಿದೆ, ಬಹಳ ಖುಷಿಯಾಯಿತು. ತಬಲಾವನ್ನೂ ಅಲ್ಲೇ ಹಿಡಿದು ನುಡಿಸಬಹುದಾ?

ಮಡಗಾಂವ್ ಮೈಕ್:
ಧಾರಾಳವಾಗಿ. ಮೈಕನ್ನು ಪ್ರೀಆಂಪ್ (ಮೈಕಿನ ಸಣ್ಣ ಸಿಗ್ನಲ್ ದೊಡ್ಡದು ಮಾಡುವ ಸಾಧನ) ಮೂಲಕ ತನ್ನಿ. ಖಾಲಿ ರೀಲ್‌ನಲ್ಲಿ ಸಮದ (ತಾಳದ ಮೊದಲ ಮಾತ್ರೆ) ಮೇಲೆ ರೆಕಾರ್ಡ್ ಒತ್ತಿ, ತಾಳದ ಒಂದು ಸುತ್ತು, ಅಂದರೆ ಒಂದು ಆವರ್ತನ ಮುಗಿದು ಮುಂದಿನ ಸಮ ಬಂದಾಗ ಮತ್ತೆ ಒತ್ತಿ. ತೀನ್‌ತಾಲ್ ಆದರೆ 16 ಮಾತ್ರೆಯ ಲೂಪ್ ಸಿಗುತ್ತದೆ. ಎಸ್‌ಒಎಸ್ (ಸೌಂಡ್ ಆನ್ ಸೌಂಡ್) ನಾಬ್ ನಡುವೆ ಇಟ್ಟರೆ ಹಳೆಯದೂ ಹೊಸದೂ ಎರಡೂ ಕೇಳುತ್ತವೆ. ಒಂದು ಮಾತು: ತಬಲಾದವರು ಲಯ ಏರಿಸಿದರು ಅಂತ ನೀವು ವೇರಿಸ್ಪೀಡ್ ಏರಿಸಿದರೆ ಟೇಪಿನಲ್ಲಿ ಆಗುವಂತೆ ಶ್ರುತಿಯೂ ಏರುತ್ತದೆ, ತಬಲಾ ಬೇಸೂರು. ಹಾಗಾಗಿ ಲಯ ಬದಲಾದ ಕೂಡಲೇ ಖಾಲಿ ರೀಲ್‌ನಲ್ಲಿ ಹೊಸದಾಗಿ ಒಂದು ಆವರ್ತನ ಹಿಡಿಯಿರಿ. ಅವರಿಗೂ ಇದನ್ನು ಮೊದಲೇ ಹೇಳಿ, ಒಂದು ಸಂಜೆ ಜೊತೆಗೆ ಕೂತು ನುಡಿಸಿ ನೋಡಿ.