ಬಿಸಿಲು ಇಷ್ಟದ, ಯೂನಿಟ್ ಯಾಕ ಇಳೀತು?

ಪ್ರಶ್ನೆ (ಶಹಾಬಾದ):
ಅಣ್ಣಾರ, ನಮಸ್ಕಾರ. ನಮ್ಮ ಮಾಳಗಿ ಮ್ಯಾಲ 3 ಕಿಲೋವಾಟ್ ಸೋಲಾರ್ ಕುಂದ್ರಸೀವಿ. ಕೇಂದ್ರ ಸರ್ಕಾರದ ಸೂರ್ಯಘರ್ ಸಬ್ಸಿಡಿ 78,000 ಖಾತೆಗೆ ಬಂದದ. ಮಾರ್ಚ್‌ನ್ಯಾಗ ಇನ್ವರ್ಟರ್ 390 ಯೂನಿಟ್ ತೋರಿಸ್ತು. ಮೇದಾಗ ಬಿಸಿಲು 44 ಮುಟ್ಟಿದ್ರೂ 352ಕ್ಕ ಇಳೀತು. ಇನ್ನೊಂದು, 352 ತಯಾರಾದ್ರ ಬಿಲ್ಲಿನ್ಯಾಗ ಎಕ್ಸ್‌ಪೋರ್ಟ್ ಬರೇ 198 ಅದ. ಉಳಿದ 154 ಎಲ್ಲಿ ಹೋತ್ರಿ? ಮೀಟರ್ ಕೆಟ್ಟದ ಅಂತ ಮನ್ಯಾಗ ದಿನಾ ಜಗಳ.

ಉತ್ತರ (ಸೋಲಾರ್ ಎಲೆಕ್ಟ್ರಿಷಿಯನ್, ಕಲಬುರಗಿ):
ಅಕ್ಕಾರ, ಮೀಟರ್ ಸರಿ ಅದ, ಜಗಳ ನಿಲ್ಲಸ್ರಿ. ಹಗಲಿನ್ಯಾಗ ಪ್ಯಾನಲ್ ಕರೆಂಟ್ ಮೊದಲ ನಿಮ್ಮ ಮನಿ ಕೂಲರ್, ಫ್ರಿಜ್, ಬೋರಿನ ಮೋಟರಿಗೇ ಹೋಗ್ತದ. ಅದು ನೆಟ್ ಮೀಟರ್ (ಲೈನಿಗೆ ಹೋಗೋದು, ಲೈನಿಂದ ಬರೋದು ಎರಡೂ ಎಣಿಸೋ ಮೀಟರ್) ತನಕ ಬರೋದೇ ಇಲ್ಲ. ಮಿಕ್ಕಿದ್ದು ಲೈನಿಗೆ ಹೋಗ್ತದಲ್ಲ, ಅದನ್ನಷ್ಟೇ ಮೀಟರ್ ಎಕ್ಸ್‌ಪೋರ್ಟ್ ಅಂತ ಬರಕೋತದ. 154 ನೀವೇ ಬಳಸೀರಿ. ಇಂಪೋರ್ಟ್, ಅಂದ್ರ ಲೈನಿಂದ ನೀವು ತಗೊಂಡದ್ದು, ಎಷ್ಟದ?

ಅಕ್ಕ: 246 ಅದರಿ.

ಉತ್ತರ:
ಅಂದ್ರ ಮೇ ತಿಂಗಳ ನಿಮ್ಮ ಮನಿ ಒಟ್ಟು ಖರ್ಚು 154ಕ್ಕ 246 ಕೂಡಿ 400 ಯೂನಿಟ್. ದುಡ್ಡು ಕಟ್ಟೋದು 246ರಾಗ 198 ಕಳದು ಬರೇ 48 ಯೂನಿಟಿಗೆ. ಅದರ ಮ್ಯಾಲ ನಿಗದಿ ಶುಲ್ಕ ಇರ್ತದ. ಅದು ಮಂಜೂರಾದ ಲೋಡಿನ ಮ್ಯಾಲ ನಿಂತದ್ದು, ಸೋಲಾರ್ ಹಾಕಿದ್ರೂ ಹೋಗಂಗಿಲ್ಲ.

ಇನ್ನ ಬಿಸಿಲಿನ ಮಾತು. ನಮ್ಮ ಕಡೆ ಮಂದಿಗೆ ನಾನು ಇದನ್ನೇ ಹೆಚ್ಚು ಹೇಳಬೇಕಾಗ್ತದ. ಪ್ಯಾನಲಿಗೆ ಬೇಕಾದದ್ದು ಬೆಳಕು, ಉರಿ ಅಲ್ಲ. ಪ್ಯಾನಲ್ ಮ್ಯಾಲ ಬರದಿರೋ ವಾಟ್, 25 ಡಿಗ್ರಿ ಬಿಸಿಯೊಳಗ ಅಳದದ್ದು. ಗಾಳಿ 44 ಇದ್ದಾಗ ಪ್ಯಾನಲ್ 65-70ಕ್ಕ ಹೋಗ್ತದ. 25ರ ಮ್ಯಾಲ ಒಂದೊಂದು ಡಿಗ್ರಿಗೆ ನೂರಕ್ಕ 0.35ರಷ್ಟು ಶಕ್ತಿ ಇಳೀತದ ಅಂತ ಹಿಡಿರಿ. 67 ಡಿಗ್ರಿ ಇದ್ರ ನೂರಕ್ಕ 14-15 ಹೋತು. ಅದಕ್ಕೇ ಪ್ಯಾನಲಿನ ಕೆಳಗ ಗಾಳಿ ಆಡೋ ಹಂಗ ಎತ್ತರದ ಸ್ಟ್ಯಾಂಡ್ ಕೇಳ್ರಿ ಅಂತ ನಾನು ಎಲ್ಲರಿಗೂ ಒತ್ತಿ ಹೇಳೋದು.

ನಿಮ್ಮ ಮನಿ ಹತ್ರ ಪರ್ಸಿ ಕಲ್ಲು ಪಾಲಿಶ್ ಮಾಡೋ ಮಷೀನ್ ಅವ ಏನು?

ಅಕ್ಕ: ಓಣಿ ಹಿಂದೇ ಅವರಿ. ಕುಂದ್ರಿಸಿದ ಮ್ಯಾಲ ಎರಡೇ ಸಲ ತೊಳದೀವಿ, ಅದೂ ಬೋರಿನ ನೀರಿಲೆ.

ಉತ್ತರ:
ಹಂಗಾದ್ರ ಧೂಳಿಂದೂ ಪಾಲು ಅದ. ಹದಿನೈದು ದಿನಕ್ಕೊಮ್ಮೆ ತೊಳೀರಿ. ಹೊತ್ತು ಏರೋಕಿಂತ ಮೊದಲು ತೊಳೀಬೇಕು. ಕಾದ ಗಾಜಿನ ಮ್ಯಾಲ ತಣ್ಣೀರು ಸುರಿದ್ರ ಗಾಜು ಬಿರಿಯೋ ಭಯ ಇರ್ತದ. ಬೋರಿನ ಗಡಸು ನೀರು ಆರಿದ ಮ್ಯಾಲ ಬಿಳಿ ಕಲೆ ಕುಂದ್ರತದ, ಆಮ್ಯಾಲ ಅದನ್ನ ತಗಿಯೋದು ಭಾಳ ಕಷ್ಟ. ನಳದ ನೀರು, ಮೆತ್ತನ ಬಟ್ಟಿ ಸಾಕು. ಸೋಪಿನ ಪುಡಿ, ತಂತಿ ಬ್ರಶ್ ಮುಟ್ಟಬ್ಯಾಡ್ರಿ. ತೊಳದ ಹಿಂದಿನ ದಿನದ, ಮರುದಿನದ ಯೂನಿಟ್ ಆ್ಯಪಿನ್ಯಾಗ ಹೋಲಿಸಿ ನೋಡ್ರಿ, ಧೂಳು ಎಷ್ಟು ತಿಂತದ ಅನ್ನೋದು ನಿಮಗೇ ಗೊತ್ತಾಗ್ತದ.

ಪ್ರಶ್ನೆ (ಸೇಡಂ):
ಸರ, ಕರೆಂಟ್ ಹೋದ್ರ ಹಗಲಿನ್ಯಾಗೂ ನಮ್ಮ ಸೋಲಾರ್ ಬಂದ್ ಆಗ್ತದ. ಇಷ್ಟು ರೊಕ್ಕ ಹಾಕಿ ಏನು ಉಪಯೋಗ?

ಉತ್ತರ:
ಬಂದ್ ಆಗಲೇಬೇಕ್ರಿ. ನಿಮ್ಮದು ಆನ್‌ಗ್ರಿಡ್, ಅಂದ್ರ ಬ್ಯಾಟರಿ ಇಲ್ಲದ ಲೈನಿಗೇ ಜೋಡಿಸಿದ್ದು. ಲೈನ್ ಬಂದ್ ಮಾಡಿ ಲೈನ್‌ಮನ್ ಕಂಬ ಹತ್ತಿರ್ತಾನ. ನಿಮ್ಮ ಮಾಳಗಿ ಕರೆಂಟ್ ತಂತಿಗೆ ಹರಿದ್ರ ಅವನ ಜೀವ ಹೋಗ್ತದ. ಅದಕ್ಕ ಸೋಲಾರ್ ಇನ್ವರ್ಟರ್ ತಾನೇ ನಿಲ್ತದ. ಕರೆಂಟ್ ಹೋದಾಗೂ ನಡೀಬೇಕಂದ್ರ ಬ್ಯಾಟರಿ ಇರೋ ಹೈಬ್ರಿಡ್ ಬೇಕು, ಖರ್ಚು ಏರ್ತದ. ಫ್ಯಾನು, ಲೈಟಿಗಷ್ಟೇ ಇದ್ರ ಮನ್ಯಾಗಿನ ಹಳೇ ಬ್ಯಾಟರಿ ಇನ್ವರ್ಟರೇ ಸಾಕು.

ಪ್ರಶ್ನೆ (ಚಿತ್ತಾಪುರ):
ನಮ್ಮದು ತಿಂಗಳಿಗೆ 110-120 ಯೂನಿಟ್, ಗೃಹಜ್ಯೋತಿಯಿಂದ ಬಿಲ್ ಸೊನ್ನೆ. 2 ಕಿಲೋವಾಟಿಗೆ 60,000 ಸಬ್ಸಿಡಿ ಅದ, ಹಾಕ್ಸಿಬಿಡ್ರಿ ಅಂತ ಒಬ್ಬರು ಬೆನ್ನು ಹತ್ಯಾರ.

ಉತ್ತರ:
ಈಗ ಬ್ಯಾಡ್ರಿ. ಸೋಲಾರ್ ಕುಂದ್ರಿಸೋದೇ ನನ್ನ ಹೊಟ್ಟಿಪಾಡು, ಆದ್ರೂ ಹೇಳ್ತೀನಿ. ಸೊನ್ನೆ ಬಿಲ್ಲಿನ್ಯಾಗ ಉಳಿಸೋದು ಏನದ? ಸಬ್ಸಿಡಿ ಹೋಗಿ ಉಳಿದ ರೊಕ್ಕ ನಿಮ್ಮ ಕೈಯಿಂದಲೇ ಹೋಗ್ತದ. 1 ಕಿಲೋವಾಟ್ ದಿನಕ್ಕ ಸುಮಾರು 4 ಯೂನಿಟ್ ಕೊಡ್ತದ, 2 ಕಿಲೋವಾಟ್ ಅಂದ್ರ ತಿಂಗಳಿಗೆ 240. ನಿಮಗ ಅದರ ಅರ್ಧ ಸಾಕು. ಮಿಕ್ಕಿದ್ದಕ್ಕ ನಮ್ಮ ಕಡೆ ಕರೆಂಟ್ ಕಂಪನಿ ಜೆಸ್ಕಾಂ ಕೊಡೋ ದರ, ನೀವು ಕೊಳ್ಳೋ ದರಕ್ಕಿಂತ ಕಮ್ಮಿ. ಮನಿಗೆ ಎಸಿ ಬರೋದಿದ್ರ ಮಾತು ಬ್ಯಾರೆ, ಗೃಹಜ್ಯೋತಿಯ ಮಿತಿ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಾಗ್ತದ. ಹೋದ ವರ್ಷದ ಹನ್ನೆರಡೂ ಬಿಲ್ಲಿನ ಫೋಟೋ ಇಲ್ಲಿ ಹಾಕ್ರಿ, ಹೆಸರು, ಆರ್‌ಆರ್ ನಂಬರ್ ಅಳಿಸಿ. ನೋಡಿ ಹೇಳ್ತೀನಿ.