ಅಪ್‌ಡೇಟ್: ಉಪ್ಪುನೀರಿನ ಈಜುಕೊಳದ ಕ್ಲೋರಿನ್ ಸಿಕ್ತು

ತೀರ್ಥಹಳ್ಳಿ ಹತ್ತಿರದ ನಮ್ಮ ಹೋಂಸ್ಟೇಯ ಹೊಸ ಈಜುಕೊಳದಲ್ಲಿ ಉಪ್ಪು ಸರಿಯಿದ್ದು, ಉಪ್ಪಿನಿಂದ ಕ್ಲೋರಿನ್ ಮಾಡುವ ಯಂತ್ರ ಹಗಲಿಡೀ ಓಡಿದರೂ ಕ್ಲೋರಿನ್ ಸೊನ್ನೆ ಅಂತ ಮೇ ತಿಂಗಳಲ್ಲಿ ಕೇಳಿದ್ದೆನಲ್ಲ, ತಪ್ಪು ನನ್ನದೇ. ಕ್ಲೋರಿನ್ನನ್ನು ಬಿಸಿಲಿನಿಂದ ಕಾಯುವ ಸಯನೂರಿಕ್ ಆಸಿಡ್ ಹಾಕಿಯೇ ಇರಲಿಲ್ಲ! ತಯಾರಾದ ಕ್ಲೋರಿನ್ನನ್ನೆಲ್ಲ ಬಿಸಿಲೇ ತಿಂದುಹಾಕ್ತಿತ್ತು. ಆ ಆಸಿಡ್ಡನ್ನು ಹಳೇ ಕಾಲುಚೀಲಕ್ಕೆ ತುಂಬಿ, ನೀರು ವಾಪಸ್ ಬರುವ ಬಾಯಿಯ ಮುಂದೆ ನೇತುಹಾಕಿದೆ. ನೀರಲ್ಲಿ ಅದು 60 ಪಿಪಿಎಂ (ಹತ್ತು ಲಕ್ಷಕ್ಕೆ 60 ಪಾಲು) ಆದಮೇಲೆ ಕ್ಲೋರಿನ್ 3ಕ್ಕೆ ನಿಂತಿತು.

ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಮಾತ್ರ ಹಠಮಾರಿ. ಹೊಸ ಸಿಮೆಂಟ್ ಗಾರೆ, ಜೊತೆಗೆ ಈ ಯಂತ್ರ, ಎರಡೂ ಅದನ್ನು ಮೇಲಕ್ಕೇ ಎಳೀತವೆ. ಮ್ಯೂರಿಯಾಟಿಕ್ ಆಸಿಡ್ (ಹೈಡ್ರೋಕ್ಲೋರಿಕ್ ಆಸಿಡ್) ಸ್ವಲ್ಪಸ್ವಲ್ಪವೇ ಹಾಕಿ 8.2ರಿಂದ 7.6ಕ್ಕೆ ಇಳಿಸಿದೆ. ಪಿಎಚ್ ನೋಡುವ ಫಿನಾಲ್ ರೆಡ್ ಹನಿಗೆ ಕಡುಗುಲಾಬಿ ಆಗ್ತಿದ್ದ ನೀರು ಈಗ ಕಿತ್ತಳೆಗೆಂಪು.

ಅಷ್ಟರಲ್ಲಿ ಮಳೆ ಹಿಡೀತು. ಮೊನ್ನೆ ಕೊಳ ತುಂಬಿ ಹರಿದು ಉಪ್ಪು 3200ರಿಂದ 2700 ಪಿಪಿಎಂಗೆ ಇಳೀತು. ಜಡಿ ಬಿಡೋವರೆಗೆ ಉಪ್ಪಿನ ಮೂಟೆ ಬಿಚ್ಚಲ್ಲ.